ಬೀಗರ ಶಾಲಿಗೆ ಎರಡು ತೂತು

"ಈ ನಿಶ್ಚಿತಾರ್ಥದಾಗೆ ಬೀಗರು ಒಂದೇ ಒಂದು ಕೊಂಕು ತೆಗೀಲಿ ನೋಡಾನ, ನನ್ನ ಹೆಸರು ಶಿವಲೀಲಾನೇ ಅಲ್ಲ!"

ತ್ಯಾವಣಿಗೆಯ ಶಿವಲೀಲಾ ಹೀಗೆ ಪಣ ತೊಡಲು ಕಾರಣವಿತ್ತು. ಮಗಳು ಶಾಂತಲಾಗೆ ಗೊತ್ತುಮಾಡಿದ್ದ ಹುಡುಗ ಬಂಗಾರದಂಥವನು. ಆದರೆ ಅವನಪ್ಪ, ನ್ಯಾಮತಿಯ ಬೆನಕಪ್ಪನವರು, ಹಿಂದೊಮ್ಮೆ ಬೇರೊಂದು ಮನೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ಸಂಬಂಧವನ್ನೇ ಬಿಟ್ಟು ಎದ್ದುಹೋದ ಮಹಾನುಭಾವರು! ಅವರಿಗೆ ಹೊದಿಸಲೆಂದೇ ಶಿವಲೀಲಾ ದಾವಣಗೆರೆಯಿಂದ ಜರಿಯಂಚಿನ ಶಾಲು ತಂದು ಟ್ರಂಕಿನಲ್ಲಿಟ್ಟಿದ್ದಳು.

ಬೀಗರು ಬಂದು ಪಡಸಾಲೆಯಲ್ಲಿ ಕೂತರು. ಶಿವಲೀಲಾ ಒಳಗೆ ಶಾಲು ಬಿಡಿಸಿದಳು. ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ತೂತು!

ಗಂಡನನ್ನು ಅಡುಗೆಮನೆಗೆ ಎಳೆದಳು. "ಏನ್ರೀ ಇದು? ಇಲಿ ಇಷ್ಟು ನೆಟ್ಟಗೆ ಕಡೀತೈತಾ?"

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಗುರುಬಸವರಾಜ್ ಗಂಟಲು ಸರಿಮಾಡಿಕೊಂಡರು. "ಮೊನ್ನೆ ಸ್ಕೂಲ್ ಡೇ ನಾಟಕದಾಗೆ ನಾನು ಲಾರ್ಡ್ ಆಗಿದ್ನಲ್ಲ... ಹಿಂದೆ ಯುರೋಪಿನ ದೊಡ್ಡಮನುಷ್ಯರು ಕೋಟಿನ ಮೇಲೆ ಕ್ಲೋಕ್ ಅಂತ ಶಾಲಿನಂಥದ್ದು ಹೊದೀತಿದ್ರು ಕಣೇ. ಕೈ ಹೊರಗೆ ಬರಾಕೆ ಸೀಳು ಇರ್ತಿದ್ವು. ಕತ್ತಿ ಹಿಡಿಯಾಕೆ ಬೇಕಲ್ಲ?"

"ಅದಕ್ಕೆ ಬೀಗರ ಶಾಲೇ ಬೇಕಿತ್ತಾ? ಮನೇಲಿ ಬೆಡ್‌ಶೀಟಿಗೆ ಬರ ಬಂದಿತ್ತಾ?"

"ಬೆಡ್‌ಶೀಟ್ ಹೊದ್ದ ಲಾರ್ಡ್ ಎಲ್ಲಾದ್ರೂ ಅದಾನಾ? ಅಂಚು ಹೆಂಗೆ ನೀಟಾಗಿ ಹೊಲಿದೀನಿ ನೋಡು!"

ಅಯ್ಯೋ ಶಿವನೇ! ಅಳಬೇಕೋ ಈ ಮನುಷ್ಯನಿಗೆ ಸೌಟಿನಿಂದ ಬಾರಿಸಬೇಕೋ ಅವಳಿಗೆ ತಿಳಿಯಲಿಲ್ಲ. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು ಹೊರಗಿನಿಂದ "ಶಾಲು ತರ್ರಮ್ಮಾ!" ಎಂದು ಮೂರನೇ ಸಲ ಕೂಗಿದರು. ತೂತು ಕಾಣದಂತೆ ಮಡಚಿ ಗಂಡನ ಕೈಗೆ ತುರುಕಿದಳು.

ಮೇಷ್ಟ್ರು ಹೊದಿಸುವಾಗಲೇ ಮಡಿಕೆ ಬಿಚ್ಚಿಕೊಂಡಿತು. ಬೆನಕಪ್ಪನವರು ಎಲೆ ಅಡಿಕೆ ತಟ್ಟೆಗೆ ಕೈ ಚಾಚಿದರು. ಎರಡೂ ಕೈ ಎರಡೂ ತೂತಿನಿಂದ ಸಲೀಸಾಗಿ ಹೊರಬಂದವು! ಹೋಯ್ತು, ಮಗಳ ಸಂಬಂಧ ಹೋಯ್ತು! ಶಿವಲೀಲಾ ಕಣ್ಣು ಮುಚ್ಚಿಕೊಂಡಳು.

ಬೆನಕಪ್ಪನವರು ಕೈ ಒಳಗೆಳೆದರು. ಮತ್ತೆ ಹೊರಗೆ ತಂದರು.

"ಅಲ್ರೀ ಮೇಷ್ಟ್ರೇ, ಎಷ್ಟು ಮನೇಲಿ ಶಾಲು ಹೊದಿಸ್ಕೊಂಡೀನಿ! ಉಣ್ಣಾಕೆ ಕುಂತ್ರೆ ಜಾರಿ ಸಾರಿಗೇ ಬೀಳ್ತಿತ್ತು. ಇದು ನೋಡ್ರಿ, ಹೆಂಗೆ ನಿಂತೈತೆ! ಮದುವೆಗೆ ನಮ್ಮ ಕಡೆ ಹನ್ನೊಂದು ಜನಕ್ಕೂ ಇಂಥವೇ ಆಗ್ಬೇಕು!"

ಶಾಲು ತೆಗೆಯದೆಯೇ ಉಂಡರು, ಶಾಲು ಹೊದ್ದೇ ಕಾರು ಹತ್ತಿದರು. ತುಪ್ಪದಲ್ಲಿ ಮುಳುಗಿಸಿ ಬಡಿಸಿದ್ದ ಹೋಳಿಗೆಯ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ!

ಸಂಜೆ ಶಿವಲೀಲಾ ಹೊಲಿಗೆ ಮಷೀನಿನ ಮುಂದೆ ದುಮುಗುಡುತ್ತ ಕೂತಿದ್ದಳು. ಮೇಷ್ಟ್ರು ಮೀಸೆ ತಿರುವುತ್ತ ಅವಳೆದುರೇ ನಾಲ್ಕು ಸಲ ಓಡಾಡಿದರು. ಐದನೇ ಸಲಕ್ಕೆ ಅವಳು ತಲೆ ಎತ್ತದೆಯೇ ಕೇಳಿದಳು:

"ರೀ ಲಾರ್ಡ್ ಸಾಹೇಬ್ರೇ... ತೂತು ಎಷ್ಟು ಇಂಚು ಕತ್ತರಿಸಿದ್ರಿ?"