ಕಾಕಾನ ನೆರಳಿನ ಸಿನಿಮಾ

ನಮ್ಮ ಕಾಕಾ ಮನೆಗೆ ಬಂದವರ ಮುಖವನ್ನು ಮೊದಲು ನೋಡುವುದಿಲ್ಲ, ನೆರಳನ್ನು ನೋಡುತ್ತಾರೆ! ನಿಮ್ಮ ನೆರಳು ಉದ್ದಕ್ಕೆ, ಚೂಪಾಗಿ ಗೋಡೆಯ ಮೇಲೆ ಬಿತ್ತೋ, ಎರಡನೇ ಕಪ್ ಚಹಾ ಖಂಡಿತ. ಬೀಳಲಿಲ್ಲವೋ, "ಅಲ್ಲಿ ಬ್ಯಾಡ್ರಿ, ಹಿಂಗ ಲ್ಯಾಂಪಿನ ಕಡೆ ಸರೀರಿ" ಎಂದು ತೋಳು ಹಿಡಿದು ಕೂರಿಸುತ್ತಾರೆ.

ಕಾಕಾ ಕಲಬುರಗಿ ಕಡೆಯಿಂದ ಪುಣೆಗೆ ಬಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು. ಹರೆಯದಲ್ಲಿ ಒಮ್ಮೆ ಹಿಂದಿ ಸಿನಿಮಾದ ಟಿಕೆಟ್ ಸಿಗದೆ, ಸುಮ್ಮನೆ ಮರಳಲು ಮನಸ್ಸಾಗದೆ, ಪಕ್ಕದ ಟಾಕೀಜಿನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾಕ್ಕೆ ಹೊಕ್ಕರಂತೆ. ಕಪ್ಪು-ಬಿಳುಪು. ಟೋಪಿ, ಸಿಗರೇಟು, ಮಳೆ, ಕೈಕೊಡುವ ಚೆಲುವೆ, ಕೊನೆಗೊಂದು ಗುಂಡು. ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ. ಕತ್ತಲೆ-ಬೆಳಕು ಮಾತ್ರ ತಲೆಗೆ ಏರಿತು, ಏರಿದ್ದು ಇವತ್ತಿಗೂ ಇಳಿದಿಲ್ಲ! ಬಲ್ಲವರು ಇಂಥವನ್ನು ಫಿಲ್ಮ್ ನ್ವಾರ್ ಎನ್ನುತ್ತಾರೆ. ಕಾಕಾ 'ನೆರಳಿನ ಸಿನಿಮಾ' ಎನ್ನುತ್ತಾರೆ.

ಅವರ ಜೊತೆ ಸಿನಿಮಾ ನೋಡುವುದೆಂದರೆ ಸಾಮಾನ್ಯವೇ? ನಿಮಿಷಕ್ಕೊಮ್ಮೆ ರಿಮೋಟ್ ಒತ್ತಿ ನಿಲ್ಲಿಸುತ್ತಾರೆ.

"ನೋಡ್ರಿ, ಅವನ ಮುಖ ಅರ್ಧ ಬೆಳಕಿನ್ಯಾಗ, ಅರ್ಧ ಕತ್ತಲಾಗ ಅದ. ಅಂದ್ರ ಒಳ್ಳೆಯವ ಆಗಬೇಕೋ ಕೆಟ್ಟವ ಆಗಬೇಕೋ ಅಂತ ಇನ್ನೂ ನಿರ್ಧಾರ ಮಾಡಿಲ್ಲ!"

"ಅವ ನಿಧಾನಕ್ಕ ಮಾಡ್ಲಿ. ನೀವು ಹೇಳ್ರಿ, ಚಹಾ ಬೇಕೋ ಬ್ಯಾಡೋ?" ಎನ್ನುತ್ತಾರೆ ಅವರ ಹೆಂಡತಿ, ನಮ್ಮ ಕಾಕು.

ಪಾಪ, ಕಾಕಾನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ಕಾಕು ತಮ್ಮ ಪಕ್ಕದಲ್ಲಿ ಕೂತು ಒಂದಾದರೂ ನೆರಳಿನ ಸಿನಿಮಾ ಕಡೆಯವರೆಗೆ ನೋಡಬೇಕು. ಮದುವೆಯಾದಾಗಿನಿಂದ ಅದು ಈಡೇರಿಲ್ಲ. ಅರ್ಧಕ್ಕೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಕಾಕು ಗೊರಕೆ ಹೊಡೆಯುತ್ತಾರೆ. ಕೇಳಿದರೆ, "ಕಡೀಗೆ ಎಲ್ಲಾರೂ ಸಾಯ್ತಾರ. ಅದನ್ನೇನ್ ಕೂತು ನೋಡೋದು?" ಎಂಬ ಉತ್ತರ.

ಕಾತ್ರಜದ ಅವರ ಫ್ಲ್ಯಾಟಿನ ಬಾಲ್ಕನಿಗೆ ಕಾಕಾ ಒಮ್ಮೆ ಅಡ್ಡಪಟ್ಟಿಗಳ ಬ್ಲೈಂಡ್ ಪರದೆ ಹಾಕಿಸಿದರು, ಸಿನಿಮಾದಲ್ಲಿದ್ದಂತೆ ಗೋಡೆಯ ಮೇಲೆ ಬಿಸಿಲು ಗೆರೆಗೆರೆಯಾಗಿ ಬೀಳಲಿ ಎಂದು. ಬಿತ್ತು! ಆದರೆ ಅಲ್ಲೇ ಬಾಲ್ಕನಿಯ ನೆಲದ ಮೇಲೆ ಕಾಕು ಸಂಡಿಗೆ ಇಟ್ಟಿದ್ದರು. ಒಂದು ಸಾಲು ಒಣಗಿ ಗರಿಗರಿ, ಪಕ್ಕದ ಸಾಲು ಹಸಿಹಸಿ. ಆ ವರ್ಷ ನಾವೆಲ್ಲ ಬೂಸಲು ಆರಿಸಿ ಸಂಡಿಗೆ ತಿಂದೆವು.

ಇನ್ನು ಟೋಪಿ, ಉದ್ದ ಕೋಟು! ಬೇಸಿಗೆಯಲ್ಲಿ ಆ ವೇಷದಲ್ಲಿ ಸ್ವಾರಗೇಟಿನಲ್ಲಿ ಸಿಟಿ ಬಸ್ಸು ಹತ್ತಿದರೆ ಟಿಕೆಟ್ ತಗೊಳ್ಳದವರೆಲ್ಲ ಇವರನ್ನು ಚೆಕರ್ ಎಂದುಕೊಂಡು ದಡಬಡ ಇಳಿದುಬಿಟ್ಟರು. ಒಬ್ಬ ಕಾಲೇಜು ಹುಡುಗ ಮಾತ್ರ "ಸಾಹೇಬ, ಪಾಸ್ ಘರೀ ರಾಹಿಲಾ!" ಎಂದು ಮರಾಠಿಯಲ್ಲಿ ಕೈ ಮುಗಿದ, ಪಾಸು ಮನೆಯಲ್ಲೇ ಉಳಿಯಿತಂತೆ. ಕಾಕಾ ಗಂಭೀರವಾಗಿ ಅವನನ್ನು ಕ್ಷಮಿಸಿ, ಅವನ ಸೀಟಿನಲ್ಲಿ ಕೂತು ಬಂದರು.

ನನಗೆ ಕನ್ಯಾ ನೋಡಲು ಹೋದಾಗಲೂ ಟೋಪಿ ತೆಗೆಯಲಿಲ್ಲ. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ಬಂದಳು. ಹೆಸರು ಕೇಳಿದರೇ? ಓದು ಕೇಳಿದರೇ? ಅವಳ ಕಡೆ ಬಾಗಿ, ದನಿ ತಗ್ಗಿಸಿ, "ನಿನ್ನೆ ಸಂಜಿಮುಂದ ನೀ ಎಲ್ಲಿದ್ದಿ?" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗಿ ತಟ್ಟೆ ಇಟ್ಟು, "ನಾ ಎಲ್ಲಿದ್ದೆ ಅನ್ನೋದು ಆಮ್ಯಾಲ ಹೇಳ್ತೀನ್ರಿ. ನೀವು ಮನೀ ಒಳಗ ಟೋಪಿ ಯಾಕ ಹಾಕ್ಕೊಂಡೀರಿ?" ಎಂದಳು.

ಹೊರಗೆ ಬಂದ ಕಾಕಾ ನನ್ನ ಬೆನ್ನು ತಟ್ಟಿದರು. "ಈಕಿ ಭಾಳ ಅಪಾಯದಾಕಿ ಅದಾಳ. ಮಾಡ್ಕೋ!"

ಮಾಡಿಕೊಂಡೆ. ಅವರು ಹೇಳಿದ್ದು ನಿಜವೇ.

ಈ ವರ್ಷ ಒಂದು ದಿನ ಕಾಕಾ ವಿಮಾನ ನಗರದ ನಮ್ಮ ಮನೆಗೆ ಫೋನ್ ಮಾಡಿ ಖುಷಿಯಿಂದ ಕೂಗಿದರು: "ತಮ್ಮಾ, ಎಡಗಣ್ಣಿನ ಮೂಲ್ಯಾಗಿಂದ ಒಂದು ಕರೀ ನೆರಳು ಇಳೀಲಿಕ್ಕತ್ತದ. ಏನ್ ಚಂದ ಕಾಣ್ತದ ಅಂತಿ!" ಆ ನೆರಳನ್ನು ಅವರು ಆಗಲೇ ಎರಡು ದಿನ ಕೂತು ಸವಿದಿದ್ದರು! ಇಂಥ ಮನುಷ್ಯನಿಗೆ ಏನೆನ್ನುವುದು? ಆಸ್ಪತ್ರೆಗೆ ಓಡಿದೆವು. ಕಣ್ಣಿನ ಒಳಪರದೆ ಕಳಚಿತ್ತು. ಬಲಗಣ್ಣು ಮೊದಲೇ ಮಂದ.

ಆಪರೇಷನ್ ಆಯಿತು. ದೃಷ್ಟಿ ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು, ಕೆಲವು ದಿನ ಬೋರಲು ಮಲಗಿಯೇ ಇರಬೇಕು ಎಂದರು ಡಾಕ್ಟರು. ಮನೆಗೆ ಬಂದು ದಿಂಬಿನಲ್ಲಿ ಮುಖ ಹುದುಗಿಸಿ ಕಾಕಾ ಮಲಗಿದರು. ತಮಾಷೆ ನಿಂತಿತು. ಒಂದು ಮಧ್ಯಾಹ್ನ ಮೆಲ್ಲಗೆ, "ಕಣ್ಣು ಬರ್ತದಲ್ಲೋ ತಮ್ಮಾ?" ಎಂದರು.

ಬಾಗಿಲಲ್ಲಿ ನಿಂತಿದ್ದ ಕಾಕು ಕೇಳಿಸಿಕೊಂಡರು. ಒಲೆ ಆರಿಸಿ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತು, ಕಾಕಾ ನೂರು ಸಲ ನೋಡಿದ್ದ ಸಿನಿಮಾವನ್ನೇ ನನ್ನಿಂದ ಹಚ್ಚಿಸಿದರು.

"ನಾ ಹೇಳ್ತೀನಿ, ಕೇಳ್ರಿ. ಈಗ ಅವ ಬಂದ. ಟೋಪಿ ಹಾಕ್ಯಾನ. ಗಡ್ಡ ಮಾಡ್ಕೊಂಡಿಲ್ಲ."

"ನೆರಳು ಎಲ್ಲಿ ಬಿದ್ದದ?"

"ಗೋಡಿ ಮ್ಯಾಲ. ಗೋಡಿಗೆ ಸುಣ್ಣ ಕಂಡು ಎಷ್ಟ್ ವರ್ಷ ಆಗ್ಯಾವೋ ಏನೋ!"

ಕುಕ್ಕರ್ ಇಲ್ಲ, ಗೊರಕೆ ಇಲ್ಲ. ಕಾಕು ಕಣ್ಣು ಮಿಟುಕಿಸದೆ ಹೇಳುತ್ತಾ ಹೋದರು. ಕಡೆಯ ದೃಶ್ಯ ಬಂತು. ಚೆಲುವೆ ಪಿಸ್ತೂಲು ಎತ್ತಿದಳು. ಢಂ! ಅವನು ಮೆಟ್ಟಿಲ ಮೇಲೆ ಉರುಳಿದ. ಕಾಕು ಹೇಳುವುದು ಬಿಟ್ಟು ದಿಂಬಿನ ಕಡೆ ತಿರುಗಿದರು.

"ಏನಾತು?" ಎಂದರು ಕಾಕಾ.

"ಏನಿಲ್ಲ. ಆಕಿ ಪಿಸ್ತೂಲು ಒಗದ್ಲು. ಇಬ್ರೂ ಕೂಡಿ ಊರಿಗೆ ಹೊಂಟ್ರು."

"ಮತ್ತ ಢಂ ಅಂತಲ್ಲ?"

"ಬಾಗಿಲಾ ಹಾಕ್ಕೊಂಡ್ರು. ಊರಿಗೆ ಹೋಗೋವಾಗ ಮನೀ ತಗದಿಟ್ಟು ಹೋಗ್ತಾರೇನು?"

ಆಮೇಲೆ ಕಾಕಾನ ಕೈ ಮಂಚದಿಂದ ಕೆಳಗಿಳಿದು, ತಡಕಾಡಿ, ಕಾಕುವಿನ ಕೈ ಹಿಡಿಯಿತು. ನನಗೆ ಅಳು ಬಂತು, ಮುಚ್ಚಿಡುವುದೇನು!

"ಛಲೋ ಆತು" ಎಂದರು ಕಾಕಾ. "ನಾಳಿಗೆ ಇನ್ನೊಂದು ಹಚ್ಚು. ಅದರಾಗ ಭಾಳ ಮಂದಿ ಸಾಯ್ತಾರ. ಅವರನ್ನೂ ಒಂದಿಷ್ಟು ಉಳಿಸು."