ಪುಸ್ತಕದೊಳಗಿನ ಕಿಡಕಿ

ಚಿತ್ರಗಳಿರುವ ಪುಸ್ತಕವನ್ನು ಮನೆಗೆ ತಂದ ಗಂಡಸು ಅದನ್ನು ತಾನೊಬ್ಬನೇ ಓದುತ್ತೇನೆಂದು ನಂಬಬಾರದು. ನಾನು ನಂಬಿದ್ದೆ. ಬಸವಕಲ್ಯಾಣವನ್ನು ನಾವು ಕಲ್ಯಾಣಿ ಎನ್ನುತ್ತಿದ್ದ ನಿಜಾಮರ ಕಾಲವದು. ಅಲ್ಲಿನ ಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ. ಹುಮನಾಬಾದಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅಮೆರಿಕದ ಸಾಹಿತ್ಯ ಚರಿತ್ರೆಯ ಪುರಾತನ ಪುಸ್ತಕವೊಂದು ಸಿಕ್ಕಿತು. ಚರ್ಮದ ರಟ್ಟು, ಬಂಗಾರದ ಅಕ್ಷರ, ಪುಟ ತಿರುವಿದಲ್ಲೆಲ್ಲ ಗಡ್ಡದ ಲೇಖಕರು, ಅವರ ಮನೆಗಳು. ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತುತ್ತಿತ್ತು. ಅದು ಲೇಖಕರ ತಪ್ಪಲ್ಲ.

ನನ್ನ ಹೆಂಡತಿ ಶಾಂತಾ ವಿಜಾಪುರದ ಕಡೆಯವಳು, ಕನ್ನಡ ಶಾಲೆ ಕಲಿತವಳು. ಇಂಗ್ಲಿಷ್ ಬಾರದು. ಒಂದೊಂದೇ ಚಿತ್ರವನ್ನು ತಾಸುಗಟ್ಟಲೆ ನೋಡಿ, ಒಂದು ದಿನ ಕೇಳಿದಳು: "ಇವರೆಲ್ಲಾ ಕಿಡಕಿ ಮುಂದನ ಕುಂತಾರಲ್ಲರಿ. ನಮ್ಮನ್ಯಾಗ ಯಾಕ ಒಂದೂ ಇಲ್ಲ?"

ನಾನು ಓದಿದ ಮೂರು ಪುಟಗಳಲ್ಲಿ ಈ ಸಂಗತಿ ಎಲ್ಲೂ ಇರಲಿಲ್ಲ. ನಮ್ಮದು ದಪ್ಪ ಕಲ್ಲುಗೋಡೆಯ ಮನೆ. ಬೆಳಕು ಬಾಗಿಲಿನಿಂದ ಬಂದು ಹೊಸ್ತಿಲ ಬಳಿಯೇ ಕೂರುತ್ತಿತ್ತು. ಗೋಡೆ ಕೊರೆಸುವ ಮಾತು ಕೇಳಿ ಅವ್ವ ಸಿಟ್ಟಾದಳು. "ಓಣಿ ಮಂದಿ ನಾವು ಉಣ್ಣೋ ಗಂಗಾಳದಾಗ ಇಣುಕಬೇಕೇನು? ನಮ್ಮ ಮಾವ ಕಟ್ಟಿಸಿದ ಗ್ವಾಡಿ ಒಡೀಲಾಕ ನಾ ಬಿಡಂಗಿಲ್ಲ!" ಕೆಲವು ದಿನ ಅತ್ತೆ ಸೊಸೆಯರ ಮಾತೆಲ್ಲ ನನ್ನ ಮೂಲಕವೇ ಸಾಗಿತು, ನಾನು ಎರಡೂ ಕಡೆ ಬೈಸಿಕೊಂಡೆ.

ಕೊನೆಗೆ ಶಾಂತಾ ಪುಸ್ತಕವನ್ನೇ ಅವ್ವನ ಕೈಗಿತ್ತಳು. ಚಿತ್ರದಲ್ಲಿ ಮುದುಕಿ ಲೇಖಕಿಯೊಬ್ಬಳು ಕಿಡಕಿಯ ಪಕ್ಕ ಬರೆಯುತ್ತಿದ್ದಳು. ಒಳಗೆ ಕಾಣದೆ ಅವ್ವ ಅದನ್ನು ಅಂಗಳಕ್ಕೆ ಒಯ್ದು ನೋಡಿದಳು.

"ಈಕಿ ಕಣ್ಣಿಗಿ ಚಾಳೀಸ ಇಲ್ಲೇನ?"

"ಬೆಳಕ ಅದಲ್ಲರಿ, ಅತ್ತಿ."

ಅವ್ವ ಪುಸ್ತಕ ಮುಚ್ಚಿ ಸೊಸೆಯ ಕೈಗಿತ್ತು, "ಗೌಂಡಿಗಿ ಹೇಳು. ಸಣ್ಣದ ಮಾಡಂತ," ಎಂದಳು.

ಕಲ್ಲುಗೋಡೆ ಕಟ್ಟುವ ಗೌಂಡಿ ಮಹಬೂಬ್ ಸಾಬ್ ಚಿತ್ರ ನೋಡಿ ನಕ್ಕ. "ಅಮ್ರೀಕಾದ ಗ್ವಾಡಿ ಕಟಿಗಿದು, ಮಾಸ್ತರ್. ನಿಮ್ದು ಕಿಲ್ಲೆ ಇದ್ದಂಗ ಅದ." ಆದರೂ ಕೊರೆದ. ಕಡೆಯ ಕಲ್ಲು ಆಚೆ ಬಿದ್ದಾಗ ಬಿಸಿಲು ಅವ್ವನ ಜೋಳದ ಮೊರದೊಳಗೆ ಬಂತು. ಆಕೆ ಕಲ್ಲಿನ ಹರಳೊಂದನ್ನು ಎತ್ತಿ ಹಿಡಿದು, "ಇಷ್ಟ್ ದಿನ ಇದನ್ನ ತಿಂದೀವೇನ!" ಎಂದಳು.

ಅಂದಿನಿಂದ ಮಧ್ಯಾಹ್ನಗಳಲ್ಲಿ ಶಾಂತಾ ಅಲ್ಲಿ ಕುಳಿತು ಕನ್ನಡದ ಕಥೆಗಳನ್ನು ಗಟ್ಟಿಯಾಗಿ ಓದತೊಡಗಿದಳು. ಪಕ್ಕದಲ್ಲಿ ಅವ್ವ, ಹೊರಗೆ ಓಣಿಯ ಹೆಂಗಸರು. ಉರ್ದು ಶಾಲೆಯಲ್ಲಿ ಕಲಿತ ನನಗೆ ಆಗ ಕನ್ನಡದ ಓದು ಅಷ್ಟಕ್ಕಷ್ಟೇ. ಶಾಂತಾ ಎಷ್ಟು ಚೆನ್ನಾಗಿ ಓದುತ್ತಿದ್ದಳೆಂದರೆ, ರಜೆಯ ದಿನ ನಾನೂ ಕಿವಿಗೊಟ್ಟು ಕೂರುತ್ತಿದ್ದೆ. ಒಮ್ಮೆ, ಈ ಸಭೆಗೆ ಸಾಹಿತ್ಯ ಎಂದರೇನೆಂದು ನಾಲ್ಕು ಮಾತು ತಿಳಿಸೋಣವೆನಿಸಿತು. ಅಮೆರಿಕದ ಪುಸ್ತಕವನ್ನು ಎದೆಗವಚಿಕೊಂಡು ಕಿಡಕಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ.

ಶಾಂತಾ ತಲೆಯೆತ್ತಿದಳು. "ಜರಾ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."