ಬೊಜ್ಜಿನ ಗಿಡ ಮತ್ತು ನಮ್ಮ ಮಾವ

ನೀರು ಹಾಕದೆ ಬೆಳೆಸಬೇಕಾದ ಗಿಡವೊಂದಿದೆ ಎಂದರೆ ನನ್ನಂಥ ಸೋಮಾರಿಗೆ ಅದಕ್ಕಿಂತ ಶುಭಸುದ್ದಿ ಬೇಕೆ? ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ನನಗೆ ಸಹರಾದ ಮಳೆಯ ವಿಷಯ ಚೆನ್ನಾಗಿ ಗೊತ್ತು, ಹಿತ್ತಲಿನ ಕರಿಬೇವಿಗೆ ಎಷ್ಟು ನೀರು ಬೇಕೆಂಬುದು ಗೊತ್ತಿಲ್ಲ. ತಿಪಟೂರಿನಲ್ಲಿ ಇಂಥವನು ಬಾಳುವುದು ಕಷ್ಟ. ಇಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಹೆಸರು ಕೇಳುವುದಕ್ಕೆ ಮೊದಲು ತೋಟ ಎಲ್ಲಿ ಎಂದು ಕೇಳುತ್ತಾರೆ. ಹೀಗಿರುವಾಗ ಪಕ್ಕದ ಮನೆಯ ರೈಲ್ವೆಯವರು ವರ್ಗವಾಗಿ ಹೊರಟವರು ಒಂದು ಕುಂಡವನ್ನು ನನ್ನ ಕೈಗಿಟ್ಟರು. ಅಡೀನಿಯಂ ಅಂತೆ. ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಬೂದು ಕಾಂಡ, ಅದರ ನೆತ್ತಿಯ ಮೇಲೆ ಗಿಡ್ಡ ಕೊಂಬೆಗಳು, ತುದಿಗೆ ಲೆಕ್ಕಕ್ಕೆಂದು ನಾಲ್ಕು ಎಲೆ. "ನೀರೆಲ್ಲ ಹೊಟ್ಟೇಲೇ ಇಟ್ಕೊಂಡಿರುತ್ತೆ. ಮಣ್ಣು ಪೂರ್ತಿ ಒಣಗಿದ ಮೇಲೆ ಒಂದು ಲೋಟ ಹಾಕಿ, ಸಾಕು. ಹೆಚ್ಚಾದ್ರೆ ಕೊಳೆತುಹೋಗುತ್ತೆ" ಎಂದು ಹೇಳಿ ಅವರು ರೈಲು ಹತ್ತಿದರು.

ಬೀದಿಯಲ್ಲಿ ಯಾರ ಮನೆಗೂ ಇನ್ನೂ ಟೀವಿ ಬಂದಿಲ್ಲವಾದ್ದರಿಂದ ಜಗುಲಿಯ ಮೇಲಿನ ಗಿಡ ನೋಡಲು ಎಲ್ಲರೂ ಬಂದರು. ಬಾರದಿದ್ದವರು ಒಬ್ಬರೇ, ನನ್ನ ಮಾವ. ಅವರದು ಕೊಬ್ಬರಿ ಮಂಡಿ. ಮದುವೆಯಾದ ಹೊಸದರಲ್ಲಿ "ಬಂದು ಮಂಡೀಲಿ ಕೂತ್ಕಳಿ" ಎಂದರು. ನಾನು ಮೇಷ್ಟ್ರ ಕೆಲಸ ಹಿಡಿದೆ. ಅವರು ಜಗಳವಾಡಲಿಲ್ಲ, ಬರುವುದನ್ನು ನಿಲ್ಲಿಸಿದರು, ಅಷ್ಟೆ. ದಿನಾ ನಮ್ಮ ಬೀದಿಯಲ್ಲೇ ಕೊಡೆ ಹಿಡಿದು ಹೋಗುತ್ತಾರೆ, ಕತ್ತು ಮಾತ್ರ ಈ ಕಡೆ ತಿರುಗುವುದಿಲ್ಲ. ಆ ಹೊತ್ತಿಗೆ ನನ್ನ ಹೆಂಡತಿ ಗಿರಿಜೆಗೆ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ತಾಯಿಯಿಲ್ಲದ ಹುಡುಗಿ. ಆ ಕೆಲಸವೇನೆಂದು ನಾನು ಒಂದು ದಿನವೂ ಕೇಳಿದವನಲ್ಲ.

ಒಂದು ಸಂತೆಯ ದಿನ ಆ ಕೊಡೆ ನಮ್ಮ ಜಗುಲಿಯ ಮುಂದೆ ನಿಂತಿತು. ಮಾವ ಬಗ್ಗಿದರು. ಬೆರಳ ಗೆಣ್ಣಿನಿಂದ ಗಿಡದ ಹೊಟ್ಟೆಗೆ ಟಕಟಕ ಬಡಿದರು. ಸಮಾಧಾನವಾಗಲಿಲ್ಲ. ಕುಂಡ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇಬಿಟ್ಟರು. ಅಟ್ಟದ ಮೇಲಿನ ಕಾಯಿಯಲ್ಲಿ ನೀರು ಬತ್ತಿ ಕೊಬ್ಬರಿ ಬಿಟ್ಟುಕೊಂಡಿತೇ ಎಂದು ಹೀಗೆ ಅಲ್ಲಾಡಿಸಿ ನೋಡಿದ ಕೈ ಅದು, ದುಂಡಗಿರುವುದು ಕಂಡರೆ ಸುಮ್ಮನಿರುವುದಿಲ್ಲ.

"ಇದೇನೇ ಗಿರಿಜಾ, ಹಿಂಗೆ ಊದ್ಕಂಡೈತೆ? ಅಲ್ಲಾಡ್ಸಿದ್ರೆ ಸದ್ದೇ ಇಲ್ವಲ್ಲೇ!"

"ಒಳಗಿನ್ನೂ ನೀರೈತಂತೆ ಕಣಪ್ಪಾ" ಎಂದವಳೇ ಗಿರಿಜೆ ಕಾಫಿಗೆಂದು ಒಳಗೆ ಓಡಿದಳು. ಕಾಫಿಯ ಜೊತೆ ಅವಳ ಕಣ್ಣೂ ತುಂಬಿ ಬಂತು.

ಅಲ್ಲಿಂದ ಸಂತೆ ಸಂತೆಗೂ ಮಾವ ಬಂದರು. ಒಮ್ಮೆ ಕೆರೆಯ ಗೋಡುಮಣ್ಣು ತಂದು ಬುಡಕ್ಕೆ ಒತ್ತಿದರು, ಇನ್ನೊಮ್ಮೆ ತೆಂಗಿಗೆ ಹಾಕುವಂತೆ ಹಿಡಿ ಉಪ್ಪು, ಯಾವಾಗಲೂ ಒಂದು ತುಂಬಿದ ಚೊಂಬು ನೀರು. ನನ್ನ ಭೂಗೋಳ ಸುಮ್ಮನಿರಬೇಕಲ್ಲ. "ಮಾವಾ, ಇದು ಮರುಭೂಮಿಯ ಗಿಡ, ನೀರು ಹಾಕಬಾರದು" ಎಂದೆ.

"ನೀರು ಬ್ಯಾಡ ಅನ್ನೋ ಗಿಡ ಎಲ್ಲೈತ್ರೀ ಮೇಷ್ಟ್ರೇ? ಬಾಯಿಲ್ದಿದ್ದು, ಕೇಳಕ್ಕಾಗಕಿಲ್ಲ ಅಷ್ಟೇಯ" ಎಂದು ಚೊಂಬು ಕೆಳಗಿಟ್ಟು ಕೊಡೆ ಬಿಚ್ಚಿದರು.

ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗಿಡವೇನೋ ನೀರು ತಪ್ಪಿದ ಖುಷಿಗೆ ಚೇತರಿಸಿಕೊಂಡು ಗುಲಾಬಿ ಬಣ್ಣದ ಮೊಗ್ಗು ಬಿಟ್ಟಿತು. ಆದರೆ ಗಿರಿಜೆ ಮೂರು ಲೋಟ ಕಾಫಿ ಮಾಡಿ, ಒಂದನ್ನು ಆರುವವರೆಗೆ ಕಾದು ಚೆಲ್ಲುತ್ತಿದ್ದಳು. ನೋಡಲಾರದೆ ನಾನೇ ಮಂಡಿಗೆ ಹೋದೆ. "ಮಾವಾ, ಗಿಡ ಯಾಕೋ ಬಾಡ್ತಿದೆ. ನಂಗೆ ತಿಳೀತಿಲ್ಲ, ಒಂದ್ಸಲ ಬಂದು ನೋಡಿ" ಎಂದು ಸುಳ್ಳು ಹೇಳಿದೆ. ಬಂದರು. ಅವರು ಬರುವ ಮೊದಲೇ ಮೊಗ್ಗುಗಳನ್ನು ಚಿವುಟಿ, ಚೊಂಬು ತುಂಬಿ ಇಟ್ಟವನೂ ನಾನೇ. ಮೊಗ್ಗು ಚಿವುಟುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ.

ಮಳೆಗಾಲ ಮುಗಿಯುವಷ್ಟರಲ್ಲಿ ಗಿಡ ಮೆತ್ತಗಾಗಿ ಕುಂಡದ ಅಂಚಿಗೆ ಒರಗಿತು. ಮಾವ ಅದರ ಹೊಟ್ಟೆ ಒತ್ತಿದರು. ನೀರು ಜಿನುಗಿತು. ಮಂಡಿಯಲ್ಲಿ ಗುಡುಗುವ ಮನುಷ್ಯ ತೀರ ಸಣ್ಣ ದನಿಯಲ್ಲಿ, "ನಾನೇ ಜಾಸ್ತಿ ಹಾಕ್ಬುಟ್ನೇನೋ ಕಣವ್ವಾ" ಎಂದರು. ಕೈ ಕೊಡೆಯ ಕಡೆ ಹೋಗುತ್ತಿತ್ತು. ಇನ್ನು ಈ ಮನುಷ್ಯ ಯಾವ ನೆಪಕ್ಕೆ ಬಂದಾರು? ಗಿರಿಜೆ ನನ್ನ ಮುಖ ನೋಡಿದಳು.

"ನಿಮ್ಮ ತಪ್ಪಲ್ಲ ಮಾವಾ. ನೀವಿಲ್ದಿದ್ದಾಗ ನೀರು ಹಾಕೋದೇ ಮರೆತುಬಿಟ್ಟೆ. ಒಣಗಿ ಹೋಯ್ತು" ಎಂದೆ.

ಒತ್ತಿದರೆ ನೀರು ಜಿನುಗುವ ಗಿಡ ಬಾಯಾರಿ ಸತ್ತಿತೆಂದರೆ ಯಾರು ನಂಬುತ್ತಾರೆ? ಮಾವ ನಂಬಿದರು. "ನಂಗೊತ್ತಿತ್ತು ಕಣ್ರೀ!" ಎಂದು ಚಪ್ಪಲಿ ಬಿಟ್ಟು ಒಳಗೇ ಬಂದು ಕುರ್ಚಿಯಲ್ಲಿ ಕೂತು, ನೀರಿನ ಮಹತ್ವದ ಬಗ್ಗೆ ನನಗೆ ಪಾಠ ಶುರುಮಾಡಿದರು. ಊಟದ ಹೊತ್ತಾದರೂ ಮುಗಿಯಲಿಲ್ಲ. ಎಲೆ ಹಾಕಿಸಿಕೊಂಡು ಮುಂದುವರಿಸಿದರು.

ಮರುಭೂಮಿಯ ಗಿಡವನ್ನೂ ಬಾಯಾರಿಸಿ ಕೊಂದ ಅಳಿಯನ ಕಥೆ ಈಗ ನೊಣವಿನಕೆರೆಯವರೆಗೆ ಮುಟ್ಟಿದೆ. ತರಗತಿಯಲ್ಲಿ ಸಹರಾದ ಪಾಠ ಬಂದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆ. ಮೊನ್ನೆ ಮಾವ ಒಂದು ತೆಂಗಿನ ಸಸಿ ತಂದು ನಮ್ಮ ಹಿತ್ತಲಲ್ಲಿ ನೆಟ್ಟರು. ನಾನು ಅದರ ಹತ್ತಿರ ಸುಳಿಯಕೂಡದೆಂದು ಗಿರಿಜೆಗೆ ಅಪ್ಪಣೆಯಾಗಿದೆ. ನನ್ನನ್ನು ನಂಬಿ ಬಿಡುವ ಹಾಗಿಲ್ಲವಾದ್ದರಿಂದ, ಇನ್ನು ಮೇಲೆ ನೀರು ಹಾಕಲು ದಿನಾ ತಾವೇ ಬರುತ್ತಾರಂತೆ.